ಮೂರ್ಛೆರೋಗ ಮತ್ತು ನಮ್ಮ ಕರ್ತವ್ಯ

ಮಾರತ್ತಹಳ್ಳಿಯ ಬಸ್ ನಿಲ್ದಾಣದಲ್ಲಿ ಒಂದು ಸಂಜೆ ತರುಣನೊಬ್ಬನು ಮೂರ್ಛೆ ಬಂದು ಕೆಳಗುರುಳಿದುದನ್ನು ಕಂಡೆನು. ಕ್ಷಣಾರ್ಧದಲ್ಲಿ ಜನ ನೆರೆಯಿತು. ಒಬ್ಬರು ಕೀಲಿಕೈ ಗೊಂಚಲನ್ನು ಅವನ ಮುಷ್ಟಿಗೆ ತುರುಕಿದರು; ಇನ್ನೊಬ್ಬರು ಬಾಯಿಗೆ ನೀರು ಹೊಯ್ಯಲು ಮುಂದಾದರು. ಅವರಲ್ಲಿ ದಯೆಗೆ ಕೊರತೆಯಿರಲಿಲ್ಲ, ಕೊರತೆಯಿದ್ದುದು ತಿಳಿವಳಿಕೆಗೆ. ಬಾಲ್ಯದಲ್ಲಿ ತರಗತಿಯಲ್ಲೇ ಹೀಗೆ ಬಿದ್ದ ನನ್ನ ಸಹಪಾಠಿಯ ನೆನಪಾಯಿತು. ಅಂದು ನಾವು ಮಾಡಿದ್ದೂ ಇದನ್ನೇ. ಮರುವಾರದಿಂದ ಅವನು ಶಾಲೆಗೆ ಬರಲಿಲ್ಲ. ಏಕೆಂದು ನಾವಾರೂ ವಿಚಾರಿಸಲಿಲ್ಲ.

ಅಪಸ್ಮಾರವು ಶಾಪವಲ್ಲ, ಅಂಟುಜಾಡ್ಯವಲ್ಲ. ಮಿದುಳಿನ ನರಕೋಶಗಳ ವಿದ್ಯುತ್ ಚಟುವಟಿಕೆಯು ಹಠಾತ್ತನೆ ಮಿತಿಮೀರುವುದರ ಪರಿಣಾಮವಿದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಈ ಬಾಧೆಯಿದ್ದು, ಸರಿಯಾದ ಚಿಕಿತ್ಸೆ ದೊರೆತರೆ ನೂರರಲ್ಲಿ 70 ಮಂದಿಯವರೆಗೆ ಮೂರ್ಛೆಯಿಲ್ಲದೆ ಬಾಳಬಲ್ಲರು. ಬೆಂಗಳೂರು ನಗರ ಹಾಗೂ ಗ್ರಾಮಾಂತರದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು, ಸಾವಿರಕ್ಕೆ ಸುಮಾರು 9 ಮಂದಿಯಲ್ಲಿ ಈ ರೋಗವನ್ನು ಕಂಡಿತು. ಹಳ್ಳಿಗಳಲ್ಲಿ ನಗರದ ಎರಡರಷ್ಟು. ಹಿಂದೂ ವಿವಾಹ ಕಾಯಿದೆಯಲ್ಲಿ ಇದು ಮದುವೆಗೆ ಅಡ್ಡಿಯಾಗಿದ್ದುದನ್ನು 1999ರಲ್ಲಿ ತೆಗೆದುಹಾಕಲಾಯಿತು. ಕಾನೂನು ಬದಲಾಯಿತು, ಮನಸ್ಸುಗಳು ಇನ್ನೂ ಪೂರ್ಣವಾಗಿ ಬದಲಾಗಿಲ್ಲ.

ಸಂಶೋಧನೆಗೆ ನಾವೇಕೆ ಹಣ ನೀಡಬೇಕೆಂದು ದಾನಿಗಳು ಕೇಳಬಹುದು. ನಮ್ಮ ನಾಡಿನಲ್ಲೇ ಅದಕ್ಕೆ ಉತ್ತರವಿದೆ. ತಲೆಗೆ ಬಿಸಿನೀರನ್ನು ಚೊಂಬುಚೊಂಬಾಗಿ ಸುರಿದುಕೊಳ್ಳುವಾಗ ಬರುವ ಒಂದು ಬಗೆಯ ಅಪಸ್ಮಾರವು ದಕ್ಷಿಣ ಕರ್ನಾಟಕದಲ್ಲಿ ವಿಶೇಷವಾಗಿ ಕಂಡುಬರುತ್ತದೆ. ಬೆಂಗಳೂರಿನ ನರರೋಗತಜ್ಞ ಡಾ. ಕೆ. ಎಸ್. ಮಣಿ ಅವರೂ ತರುವಾಯ ನಿಮ್ಹಾನ್ಸ್‌ನ ವೈದ್ಯರೂ ನೂರಾರು ರೋಗಿಗಳನ್ನು ಪರೀಕ್ಷಿಸಿ ಇದರ ಸ್ವರೂಪವನ್ನು ಜಗತ್ತಿಗೆ ತಿಳಿಸಿದರು. ನಮ್ಮ ಬಚ್ಚಲುಮನೆಯ ರೋಗವನ್ನು ನಾವೇ ಅರಿಯದಿದ್ದರೆ ಪರದೇಶದವರು ಬಂದು ಅರಿಯುವರೇ? ಮಣಿ ಅವರ ತಂಡವೇ ಯಳಂದೂರಿನ ಹಳ್ಳಿಗಳಲ್ಲಿ, ಅಗ್ಗದ ಹಳೆಯ ಗುಳಿಗೆಗಳಿಂದಲೂ ಮೂರ್ಛೆಯನ್ನು ಹತೋಟಿಗೆ ತರಬಹುದೆಂದು ತೋರಿಸಿತು. ಆ ಅಧ್ಯಯನ 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಉಪಾಧ್ಯಾಯರು ಅರಿತಿರಬೇಕಾದುದು ಸ್ವಲ್ಪವೇ. ಬಿದ್ದವರ ಸುತ್ತಲಿನ ಕಲ್ಲು, ಬೆಂಚುಗಳನ್ನು ಸರಿಸಬೇಕು, ತಲೆಯ ಕೆಳಗೆ ಮೆತ್ತನೆಯ ಬಟ್ಟೆಯಿಡಬೇಕು, ಕೊರಳ ಗುಂಡಿ ಸಡಿಲಿಸಿ, ಮಗ್ಗುಲಿಗೆ ಹೊರಳಿಸಬೇಕು, ಗಡಿಯಾರ ನೋಡಬೇಕು. ಬಾಯಿಗೆ ಏನನ್ನೂ ಹಾಕಬಾರದು, ಕೈಕಾಲು ಅದುಮಿ ಹಿಡಿಯಬಾರದು. ಕಬ್ಬಿಣದಿಂದ ಯಾವ ಪ್ರಯೋಜನವೂ ಇಲ್ಲ. ಐದು ನಿಮಿಷ ಮೀರಿದರೆ, ಮೂರ್ಛೆ ಮರುಕಳಿಸಿದರೆ 108ಕ್ಕೆ ಕರೆ ಮಾಡಬೇಕು. ವೈದ್ಯರ ಮಾತಿಲ್ಲದೆ ಗುಳಿಗೆ ನಿಲ್ಲಿಸುವುದು ಅಪಾಯಕರ. ನಿದ್ದೆಗೆಡುವುದೂ ಮೂರ್ಛೆಗೆ ಪ್ರಚೋದಕ. ರಾತ್ರಿ ಪಾಳಿಯಲ್ಲಿ ದುಡಿಯುವ ಮಾರತ್ತಹಳ್ಳಿಯ ತರುಣರು ಇದನ್ನು ಮರೆಯಬಾರದು.

ನನ್ನ ಸೂಚನೆ ಇಷ್ಟೇ. ಪ್ರತಿ ಜೂನ್ ತಿಂಗಳಲ್ಲಿ ಶಾಲೆಯ ಸಮಸ್ತ ಸಿಬ್ಬಂದಿಗೂ ಅರ್ಧ ದಿನದ ಪ್ರಥಮ ಚಿಕಿತ್ಸಾ ತರಬೇತಿ ನಡೆಯಲಿ. ಹಳೆಯ ವಿದ್ಯಾರ್ಥಿಗಳು ಒಂದು ನಿಧಿಯನ್ನು ಸ್ಥಾಪಿಸಲಿ. ಅದರ ಒಂದು ಪಾಲು ಬಡಮಕ್ಕಳ ಔಷಧಿಗೂ ಮತ್ತೊಂದು ಪಾಲು ಸಾರ್ವಜನಿಕ ಸಂಸ್ಥೆಗಳ ಸಂಶೋಧನೆಗೂ ಸಲ್ಲಲಿ. ಲೆಕ್ಕಪತ್ರವು ವರ್ಷವರ್ಷವೂ ಪ್ರಕಟವಾಗಲಿ. ರಾಷ್ಟ್ರೀಯ ಅಪಸ್ಮಾರ ದಿನವಾದ ನವೆಂಬರ್ 17ರಂದು ಈ ಕಾರ್ಯಕ್ಕೆ ನಾಂದಿ ಹಾಡುವುದು ಉಚಿತ.

ಕಟ್ಟಡಗಳಿಗೆ ಕೊಟ್ಟ ದಾನಕ್ಕೆ ಶಿಲಾಫಲಕವಿರುತ್ತದೆ. ಈ ದಾನಕ್ಕೆ ಫಲಕವಿರದು. ಆದರೆ ತರಗತಿಯಲ್ಲಿ ಬಿದ್ದ ಮಗುವೊಂದು ಮರುದಿನ ನಿಸ್ಸಂಕೋಚದಿಂದ ತನ್ನ ಸ್ಥಳಕ್ಕೆ ಬಂದು ಕುಳಿತರೆ, ಅದಕ್ಕಿಂತ ದೊಡ್ಡ ಸ್ಮಾರಕ ಯಾವುದಿದ್ದೀತು?