ಪದದ ಪಾಸ್‌ಬುಕ್: ಶಿಫ್ಟ್

ಪೀಣ್ಯದ ಪಕ್ಕ ದಾಸರಹಳ್ಳಿಯಲ್ಲಿ ನಮ್ಮ ಮನೆ. ಬೆಳಿಗ್ಗೆ ಆರರ ಸುಮಾರಿಗೆ ಗೇಟಿನ ಹತ್ತಿರ ನಿಂತರೆ ಎರಡು ಗುಂಪು ಕಾಣುತ್ತವೆ. ತುಂಬಿದ ಡಬ್ಬಿ ಹಿಡಿದು ಫ್ಯಾಕ್ಟರಿಗೆ ಹೊರಟವರು ಒಂದು ಕಡೆ, ಖಾಲಿ ಡಬ್ಬಿ ಹಿಡಿದು ಮನೆಗೆ ಬರುವವರು ಇನ್ನೊಂದು ಕಡೆ.

ಮೊನ್ನೆ ಭಾನುವಾರ ಹನ್ನೊಂದು ಗಂಟೆಗೆ ಪಕ್ಕದ ಮನೆಯ ಐದನೇ ಕ್ಲಾಸಿನ ಹುಡುಗಿ ಬಂದು ಕೂತಳು. ಮುಖ ಸಪ್ಪಗಿತ್ತು.

“ತಾತ, ಅಪ್ಪಂಗೆ ನೈಟ್ ಶಿಫ್ಟು. ಇವತ್ತು ರಜ, ಆದ್ರೂ ಮಲಗೇ ಇದಾರೆ. ಮುಂದಿನ ತಿಂಗಳು ಮನೆ ಬೇರೆ ಶಿಫ್ಟ್ ಮಾಡ್ತಾರಂತೆ. ಏನು ತಾತ, ಈ ಶಿಫ್ಟು ಅಂದ್ರೆ?”

ಮಕ್ಕಳೇ, ಮನೆ ಶಿಫ್ಟ್ ಅಂದರೆ ಜಾಗ ಬದಲಾಯಿಸುವುದು, ಅದು ಎಲ್ಲರಿಗೂ ಗೊತ್ತು. ರಾತ್ರಿ ಕೆಲಸಕ್ಕೂ ಅದೇ ಹೆಸರು ಯಾಕೆ?

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಈ ಪದ ‘ಶಿಫ್ಟನ್’ ಎಂದಿತ್ತು. ಆಗ ಅದರ ಅರ್ಥ ಪಾಲು ಮಾಡು, ವಿಂಗಡಿಸು ಎಂದು. ‘ಬದಲಾಯಿಸು’, ‘ಸ್ಥಳ ಬದಲಿಸು’ ಎಂಬ ಅರ್ಥಗಳು ಆಮೇಲೆ ಸೇರಿಕೊಂಡವು. ಇನ್ನೂ ಎಷ್ಟೋ ಕಾಲದ ನಂತರ, ಒಂದು ತಂಡ ಇಳಿದು ಇನ್ನೊಂದು ತಂಡ ಕೆಲಸಕ್ಕೆ ನಿಲ್ಲುವುದಕ್ಕೂ ಅದೇ ಹೆಸರು ಬಂತು. ದಿನದ 24 ಗಂಟೆಯನ್ನು ಮೂರು ಪಾಲು ಮಾಡಿದರೆ ಎಂಟೆಂಟು ಗಂಟೆಯ ಮೂರು ಶಿಫ್ಟು. ಕನ್ನಡದಲ್ಲಿ ಇದಕ್ಕೆ ‘ಪಾಳಿ’ ಎಂಬ ಒಳ್ಳೆಯ ಪದವಿದೆ.

ಕಂಪ್ಯೂಟರ್ ಕೀಲಿಮಣೆಯಲ್ಲೂ ಒಂದು ಶಿಫ್ಟ್ ಇದೆಯಲ್ಲ? ಅದು ಟೈಪ್‌ರೈಟರ್ ಕಾಲದ್ದು. ರೆಮಿಂಗ್ಟನ್ನಿನ ಮೊದಲ ಯಂತ್ರದಲ್ಲಿ ಬರೀ ದೊಡ್ಡಕ್ಷರಗಳಿದ್ದವು. 1878ರಲ್ಲಿ ಬಂದ ಎರಡನೇ ಮಾದರಿಯಲ್ಲಿ ಶಿಫ್ಟ್ ಕೀಲಿ ಒತ್ತಿದರೆ ಕಾಗದ ಹಿಡಿದ ಭಾಗವೇ ಜರುಗಿ, ಸಣ್ಣಕ್ಷರದ ಬದಲು ದೊಡ್ಡಕ್ಷರ ಬೀಳುತ್ತಿತ್ತು. ಈಗ ಏನೂ ಜರುಗುವುದಿಲ್ಲ, ಹೆಸರು ಮಾತ್ರ ಉಳಿದಿದೆ.

ಇನ್ನೆರಡು ಪ್ರಯೋಗ ನೆನಪಿಡಿ. ‘ಮೇಕ್‌ಶಿಫ್ಟ್’ ಅಂದರೆ ಸದ್ಯಕ್ಕೆ ಸುಧಾರಿಸಿಕೊಳ್ಳಲು ಮಾಡಿಕೊಂಡದ್ದು. ‘ಶಿಫ್ಟಿ’ ಅಂದರೆ ನಂಬುವ ಹಾಗಿಲ್ಲದ ಮನುಷ್ಯ. ಮನೆ ಬದಲಾಯಿಸುವುದಕ್ಕೆ ಇಂಗ್ಲೆಂಡಿನವರು ಹೆಚ್ಚಾಗಿ ‘ಮೂವ್’ ಎನ್ನುತ್ತಾರೆ, ನಾವು ‘ಶಿಫ್ಟ್’ ಎನ್ನುತ್ತೇವೆ. ಬ್ಯಾಂಕಿನಲ್ಲಿದ್ದಾಗ ನನಗೆ ಆಗುತ್ತಿದ್ದದ್ದು ಟ್ರಾನ್ಸ್‌ಫರ್, ನಮ್ಮ ಪಾತ್ರೆಪಗಡಕ್ಕೆ ಆಗುತ್ತಿದ್ದದ್ದು ಶಿಫ್ಟ್!

ಹುಡುಗಿ ನಗಲಿಲ್ಲ. “ಅಪ್ಪನ ರಜ ಹಾಗೇ ಮುಗಿದುಹೋಗತ್ತೆ” ಅಂದಳು.

ಆಗ ಅವಳಿಗೆ ಒಂದು ಲೆಕ್ಕ ಹೇಳಿದೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ ಶಿಫ್ಟಿನವರ ರಜೆಯ ಬಗ್ಗೆಯೇ ಒಂದು ಮಾತು ಬರೆದಿದ್ದರು. ಮಧ್ಯರಾತ್ರಿ ದಾಟಿ ಕೆಲಸ ಮಾಡುವವನಿಗೆ ಒಂದು ದಿನದ ರಜ ಎಂದರೆ ಅವನ ಶಿಫ್ಟ್ ಮುಗಿದ ಗಳಿಗೆಯಿಂದ ಸತತ 24 ಗಂಟೆ. ಕ್ಯಾಲೆಂಡರಿನ ತಾರೀಕು ಅವನಿಗೆ ಲೆಕ್ಕವಲ್ಲ.

“ನಿಮ್ಮಪ್ಪ ಕೆಲಸ ಮುಗಿಸಿದ್ದು ಎಷ್ಟು ಗಂಟೆಗೆ?”

“ಬೆಳಿಗ್ಗೆ ಆರಕ್ಕೆ.”

“ಹಾಗಾದರೆ ರಜ ಎಲ್ಲಿವರೆಗೆ?”

ಬೆರಳು ಎಣಿಸಿದಳು. “ನಾಳೆ ಬೆಳಿಗ್ಗೆ ಆರರವರೆಗೆ. ಇನ್ನೂ ಹತ್ತೊಂಬತ್ತು ಗಂಟೆ ಬಾಕಿ ಇದೆ ತಾತ!” ಎಂದವಳೇ ಮನೆಗೆ ಓಡಿದಳು. ಸಂಜೆ ಅಪ್ಪ, ಮಗಳು ಕೈ ಹಿಡಿದು ಅಂಗಡಿ ಕಡೆ ಹೋಗುವುದು ಕಂಡಿತು.

ಈ ವಾರ ನೀವೂ ಒಂದು ಪಟ್ಟಿ ಮಾಡಿ. ನೀರು ಹಿಡಿಯುವುದು, ಅಡಿಗೆ, ಪಾತ್ರೆ, ಬಟ್ಟೆ, ಕಸ, ಹೀಗೆ ಮನೆಯ ಕೆಲಸಗಳನ್ನು ಬರೆದು, ಪ್ರತಿಯೊಂದರ ಮುಂದೆ ಅದನ್ನು ಮಾಡುವವರ ಹೆಸರು ಹಾಕಿ. ಎಲ್ಲ ಸಾಲಿನಲ್ಲೂ ಅಮ್ಮನ ಹೆಸರೇ ಬಂದರೆ, ಅವರಿಗೆ ಶಿಫ್ಟೇ ಇಲ್ಲ ಎಂದಾಯಿತು. ಪದದ ಹಳೆಯ ಅರ್ಥ ನೆನಪಿದೆಯಲ್ಲ? ಪಾಲು ಮಾಡಿಕೊಳ್ಳಿ.