ಕೊಳವನ್ನು ಮುಚ್ಚಬೇಡಿ, ಮಕ್ಕಳ ಕೈಗೆ ಕೊಡಿ

ನಮ್ಮ ಬೋಧನಾಭ್ಯಾಸದ ಶಾಲೆಯೊಂದರ ಒಳಾಂಗಣದಲ್ಲಿ 4 ಅಡಿ ಉದ್ದ, 3 ಅಡಿ ಅಗಲ, 1.5 ಅಡಿ ಆಳದ ಸಿಮೆಂಟಿನ ಅಲಂಕಾರಿಕ ಕೊಳವಿದೆ. ಬಿರುಕು ಬಿಟ್ಟು ನೀರು ನಿಲ್ಲದ ಕಾರಣ ಮಣ್ಣು ತುಂಬಿ ಹೂಗಿಡ ನೆಡುವ ಮಾತು ನಡೆದಿದೆ. ಇದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಆ ಕೊಳದ ದುರಸ್ತಿಯೇ ಒಂದು ಘಟಕದ ಪಾಠವಾಗಬಲ್ಲದು.

ಎಂಟನೆಯ ತರಗತಿಯ ಸೂಕ್ಷ್ಮಜೀವಿಗಳ ಪಾಠದಲ್ಲಿ ಸಾರಜನಕ ಚಕ್ರ ಬರುತ್ತದೆ. ನಾವು ಪ್ರಶಿಕ್ಷಣಾರ್ಥಿಗಳು ರಾತ್ರಿಯೆಲ್ಲ ಕೂತು ಅದರ ಚಾರ್ಟ್ ಬರೆಯುತ್ತೇವೆ. ಕೊಳದಲ್ಲಾದರೆ ಅದು ನಿಜವಾಗಿಯೇ ನಡೆಯುತ್ತದೆ. ಮೀನಿನ ಮಲ ಮತ್ತು ಉಳಿದ ಆಹಾರದಿಂದ ಅಮೋನಿಯಾ ಬರುತ್ತದೆ. ಕಲ್ಲು, ಗೋಡೆಗೆ ಅಂಟಿದ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್, ಬಳಿಕ ನೈಟ್ರೇಟ್ ಮಾಡುತ್ತವೆ. ಗಿಡಗಳು ನೈಟ್ರೇಟನ್ನು ಹೀರುತ್ತವೆ. ಕೊಳವನ್ನು ಪೂರ್ತಿ ಬರಿದು ಮಾಡಿ ತಿಕ್ಕಿ ತೊಳೆದರೆ ಮೀನು ಸಾಯುವುದೇಕೆ, ಕಾಲು ಭಾಗ ನೀರನ್ನಷ್ಟೇ ಬದಲಿಸಬೇಕೇಕೆ ಎಂಬುದು ಆಗ ಮಕ್ಕಳಿಗೆ ತಾನಾಗಿಯೇ ಅರ್ಥವಾಗುತ್ತದೆ.

ದುರಸ್ತಿಯೂ ಪ್ರಯೋಗವೇ. ನೀರು ಸೋರುತ್ತಿದೆಯೋ ಆವಿಯಾಗುತ್ತಿದೆಯೋ? ಪಕ್ಕದಲ್ಲೊಂದು ಬಕೆಟ್ ನೀರಿಟ್ಟು ಎರಡಕ್ಕೂ ಗುರುತು ಹಾಕಲಿ. ಎರಡು ದಿನದ ನಂತರ ಕೊಳದ ನೀರು ಬಕೆಟ್ಟಿಗಿಂತ ಹೆಚ್ಚು ಇಳಿದಿದ್ದರೆ ಸೋರಿಕೆ ಖಚಿತ. ನೀರು ಇಳಿಯುತ್ತ ಎಲ್ಲಿ ನಿಲ್ಲುತ್ತದೋ ಆ ಮಟ್ಟದಲ್ಲೇ ಬಿರುಕು ಹುಡುಕಬೇಕು. ಬಿರುಕನ್ನು ಉಳಿಯಿಂದ ಅಗಲಿಸಿ, ತೊಳೆದು, ಸಿಮೆಂಟ್ ಗಾರೆ ತುಂಬಿ ಏಳು ದಿನ ಒದ್ದೆಯಾಗಿಡಬೇಕು. ಇದು ಗಾರೆ ಕೆಲಸದವರದ್ದು, ಮಕ್ಕಳು ನೋಡಿ ದಾಖಲಿಸಲಿ. ಹೊಸ ಸಿಮೆಂಟಿನಿಂದ ಸುಣ್ಣ ಬಿಡುವುದರಿಂದ ನೀರು ಪ್ರತ್ಯಾಮ್ಲೀಯವಾಗುತ್ತದೆ, ಕೆಂಪು ಲಿಟ್ಮಸ್ ನೀಲಿಯಾಗುತ್ತದೆ. ಪಿಎಚ್ 7ರಿಂದ 8ರ ಆಸುಪಾಸಿಗೆ ಇಳಿಯುವವರೆಗೆ ನೀರು ತುಂಬಿ ಚೆಲ್ಲುತ್ತಿರಬೇಕು. ಕೊಳ ಎಷ್ಟು ನೀರು ಹಿಡಿಯುತ್ತದೆ? 18 ಘನ ಅಡಿ, ಅಂದರೆ ಸುಮಾರು 510 ಲೀಟರ್. ಗಣಿತದ ಗೆಳೆಯರಿಗೂ ಕೆಲಸ ಸಿಕ್ಕಿತು.

ಆಕ್ಷೇಪಗಳಿವೆ. ಸೊಳ್ಳೆಯ ಭಯ ನ್ಯಾಯವಾದದ್ದೇ. ಆದರೆ ಸೊಳ್ಳೆ ಮರಿಗಳನ್ನು ತಿನ್ನುವ ಗಪ್ಪಿ ಮೀನು ಬಿಟ್ಟರೆ ಆ ಭಯ ಬಹಳ ಕಡಿಮೆಯಾಗುತ್ತದೆ. ಗಪ್ಪಿ ಹೊರದೇಶದ ಮೀನಾದ್ದರಿಂದ ಊರ ಕೆರೆಗೆ ಮಾತ್ರ ಬಿಡಬಾರದು. ಚಿಕ್ಕ ಮಕ್ಕಳ ಸುರಕ್ಷತೆಗೆ ಕಬ್ಬಿಣದ ಜಾಲರಿ ಬೇಕೇ ಬೇಕು. ನಿಜವಾಗಿ ಕಷ್ಟವಾದದ್ದು ಬೇಸಿಗೆ ರಜೆ. ಸರದಿಯಂತೆ ಬಂದು ನೋಡುವವರು ಇಲ್ಲದಿದ್ದರೆ ಮೀನು ಸಾಕುವುದೇ ಬೇಡ. ರಜೆಗೆ ಮುನ್ನ ಮೀನುಗಳನ್ನು ಮಕ್ಕಳ ಮನೆಯ ತೊಟ್ಟಿಗಳಿಗೆ ಹಂಚಿ, ಕೊಳವನ್ನು ಒಣಗಿಸಿಡಬಹುದು.

ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನ ಕದಂಬರ ಕಾಕುಸ್ಥವರ್ಮ ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ಕಟ್ಟಿಸಿದವರ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ, ಹೂಳೆತ್ತಿ ಏರಿ ಕಾಪಾಡಿದವರದ್ದು ಉಳಿಯುವುದಿಲ್ಲ. ಹೊಸಬಾಳೆಯಂಥ ಊರಿನ ಮಕ್ಕಳಿಗೆ ಬದು ಒಡೆದರೆ ಕಟ್ಟುವುದು ಗೊತ್ತಿದೆ. ಆ ತಿಳಿವಳಿಕೆಗೆ ಶಾಲೆಯ ಬಾಗಿಲೊಳಗೆ ಜಾಗವಿಲ್ಲವೆಂದರೆ ನಾವು ಬರೆಯುವ ಪಾಠಯೋಜನೆಗಳಲ್ಲಿ ಏನೋ ಕೊರತೆಯಿದೆ. ಮುಂದಿನ ತಂಡಕ್ಕೆ ಒಂದು ಸಲಹೆ: ಒಂದು ಚಾರ್ಟ್ ಕಡಿಮೆ ಮಾಡಿ, ಒಂದು ಬಕೆಟ್ ಇಡಿ.