ಸ್ಟಿಕ್ಕರಿಗೆ ಎಷ್ಟು ರೊಕ್ಕ ಕೊಡಬೇಕು?

ಪರೀಕ್ಷೆ ಮುಗಿದು ಟೂರ್ನಮೆಂಟ್ ಸೀಸನ್ ಶುರುವಾಯ್ತಂದ್ರ ಹಾಸ್ಟೆಲಿನಾಗ ಒಂದೇ ವಾದ. ದೊಡ್ಡ ಹೆಸರಿನ ಇಂಗ್ಲಿಷ್ ವಿಲೋ ಬ್ಯಾಟಿಗೆ 30,000 ರೂಪಾಯಿ ಸುರಿಯೋದು ಲಾಯಕ್ಕೋ, ಬರೀ ಶೋಕಿಯೋ? ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ: ಟೆನಿಸ್ ಬಾಲ್ ಆಡೋ ನಮ್ಮಂಥವರಿಗೆ ಅದು ದಂಡ. ಲೆದರ್ ಬಾಲ್ ಆಡೋರಿಗೂ ಅಷ್ಟು ಬೇಕಿಲ್ಲ. ಹಾಗಂತ ದುಬಾರಿ ಬ್ಯಾಟೆಲ್ಲ ಮೋಸ ಅಂತ ನಾನು ಹೇಳ್ತಿಲ್ಲ. ನಾವು ಕೊಡೋ ರೊಕ್ಕದಾಗ ಯಾವುದಕ್ಕೆ ಎಷ್ಟು ಹೋಗ್ತದ ಅಂತ ಬಿಡಿಸಿ ನೋಡೋಣ.

ಬೆಲೆಯಲ್ಲಿ ಮೂರು ಪಾಲು ಇರ್ತಾವ: ಕಟ್ಟಿಗೆ, ಕೈಕೆಲಸ, ಹೆಸರು.

ಕಟ್ಟಿಗೆ ಮೊದಲು. ಇಂಗ್ಲಿಷ್ ವಿಲೋ ಹಗುರ, ಮೆತ್ತಗಿನ ನಾರು. ಪ್ರೆಸ್ ಮಾಡಿದ ಮೇಲೆ ಚೆಂಡನ್ನು ಚೆನ್ನಾಗಿ ಚಿಮ್ಮಿಸ್ತದ. ಕಾಶ್ಮೀರಿ ವಿಲೋ ಸ್ವಲ್ಪ ಭಾರ, ಸ್ವಲ್ಪ ಗಟ್ಟಿ. ಹಾಗಂತ ಅದು ಕೀಳಲ್ಲ. 2021ರ ಟಿ20 ವಿಶ್ವಕಪ್ಪಿನಲ್ಲಿ ಒಮಾನ್ ತಂಡದ ಆಟಗಾರರು ಕಾಶ್ಮೀರದಲ್ಲಿ ತಯಾರಾದ ಬ್ಯಾಟು ಹಿಡಿದೇ ಆಡಿದ್ದರು.

ಆದ್ರ ಒಂದು ಮಾತು ಗೊತ್ತಿರಲಿ. ‘ಗ್ರೇಡ್ 1’, ‘ಗ್ರೇಡ್ 2’ ಅನ್ನೋದನ್ನ ಬಹುಪಾಲು ಕಣ್ಣಿಂದ ನೋಡಿ ನಿರ್ಧರಿಸ್ತಾರೆ. ಗೆರೆ ನೇರ ಇದ್ದಾವೋ, ಎಷ್ಟು ಇದ್ದಾವೋ, ಕಲೆ ಇದೆಯೋ ಇಲ್ಲವೋ ನೋಡ್ತಾರೆ. ಆಗಿನ್ನೂ ಅದಕ್ಕೆ ಒಂದು ಚೆಂಡೂ ತಾಗಿರೋದಿಲ್ಲ. ಅಂದ್ರ ಮೇಲಿನ ಗ್ರೇಡಿಗೆ ಕೊಡೋ ಹೆಚ್ಚಿನ ರೊಕ್ಕದಾಗ ದೊಡ್ಡ ಪಾಲು ಚೆಂದಕ್ಕೇ ಹೋಗ್ತದ.

ಎರಡನೇದು ಕೈಕೆಲಸ. ಇದಕ್ಕೆ ಮಾತ್ರ ರೊಕ್ಕ ಕೊಟ್ಟರೂ ನಷ್ಟವಿಲ್ಲ. ಮೀರತ್, ಜಲಂಧರಿನ ಒಳ್ಳೆಯ ಕುಶಲಿಗ ಎಲ್ಲಿ ಕೆತ್ತಬೇಕು, ಎಲ್ಲಿ ಕಟ್ಟಿಗೆ ಉಳಿಸಬೇಕು ಅನ್ನೋದನ್ನ ಬಲ್ಲ. ತಕ್ಕಡಿಯಲ್ಲಿ ಎರಡು ಬ್ಯಾಟು 1,180 ಗ್ರಾಂ ತೂಗಿದರೂ ಕೈಯಲ್ಲಿ ಒಂದು ಹಗುರ, ಇನ್ನೊಂದು ಭಾರ ಅನಿಸ್ತದ. ಫಸ್ಟ್ ಇಯರ್ ಮೆಕ್ಯಾನಿಕ್ಸಿನಾಗ ಓದಿದ ಮೊಮೆಂಟ್ ಆಫ್ ಇನರ್ಷಿಯಾ ಇದೇ ನೋಡ್ರಿ. ಇನ್ನು ಅಳತೆಯ ಮಿತಿ ಎಲ್ಲ ಕಂಪನಿಗೂ ಒಂದೇ. 2017ರ ಅಕ್ಟೋಬರಿನಿಂದ ಅಂಚು 40 ಮಿ.ಮೀ., ದಪ್ಪ 67 ಮಿ.ಮೀ. ಮೀರುವಂತಿಲ್ಲ, ಅಗಲ ಮೊದಲಿನಂತೆ 108 ಮಿ.ಮೀ. ಹೀಗಾಗಿ ನಿಜವಾದ ಸ್ಪರ್ಧೆ ಇರೋದು ಬ್ಯಾಲೆನ್ಸಿನಲ್ಲಿ.

ಮೂರನೇದು ಹೆಸರು. ಸಚಿನ್, ಕೊಹ್ಲಿ ಬ್ಯಾಟಿನ ಮೇಲೆ ನಾವೆಲ್ಲ ನೋಡಿದ ಎಂಆರ್‌ಎಫ್ ಒಂದು ಟೈರ್ ಕಂಪನಿ. ಸ್ಟಿಕ್ಕರ್ ಅಂದ್ರ ಜಾಹೀರಾತು. ಆ ಜಾಹೀರಾತಿನ ಖರ್ಚು ಕೊನೆಗೆ ಬರೋದು ಅಂಗಡಿಯಲ್ಲಿ ನಿಂತ ನಮ್ಮ ತಲೆ ಮೇಲೇ.

ಈಗ ನಮ್ಮ ಮೈದಾನಕ್ಕೆ ಬರೋಣ. ಯಾದಗಿರಿ, ಶಹಾಪುರ, ಸುರಪುರದ ಕಡೆ ನಾವು ಹೆಚ್ಚು ಆಡೋದು ಟೆನಿಸ್ ಬಾಲ್. ಸಾಮಾನ್ಯ ಟೆನಿಸ್ ಬಾಲಿನ ತೂಕ 58 ಗ್ರಾಂ ಆಸುಪಾಸು, ಲೆದರ್ ಬಾಲಿನದು 160 ಗ್ರಾಂ ಹತ್ತಿರ. ಹೊಡೆದಾಗ ಟೆನಿಸ್ ಬಾಲು ತಾನೇ ಅಪ್ಪಚ್ಚಿಯಾಗಿ ಮತ್ತೆ ಉಬ್ಬಿಕೊಂಡು ಹೋಗ್ತದ. ಅಲ್ಲಿ ವಿಲೋ ನಾರಿನ ಸ್ಪ್ರಿಂಗಿಗೆ ಕೆಲಸವೇ ಕಡಿಮೆ. ಬೇಕಾದದ್ದು ಬ್ಯಾಟಿನ ವೇಗ. ಅಂದ್ರ ಹಗುರಾಗಿ ತಿರುಗೋ ಬ್ಯಾಟು, ಗಟ್ಟಿ ತೋಳು. 2,000 ರೂಪಾಯಿಯ ಒಳ್ಳೆ ಬ್ಯಾಲೆನ್ಸಿನ ಕಾಶ್ಮೀರಿ ಬ್ಯಾಟಿನಿಂದ ದಾಟದ ಬೌಂಡರಿ 30,000ದ ಬ್ಯಾಟಿನಿಂದಲೂ ದಾಟೋದಿಲ್ಲ.

ಹವಾ ಬೇರೆ. ನಮ್ಮ ಬ್ಯಾಸಗಿ ಬಿಸಿಲು 40 ಡಿಗ್ರಿ ದಾಟ್ತದ. ಒಣ ಸೆಕೆಗೆ ವಿಲೋ ತನ್ನೊಳಗಿನ ತೇವ ಕಳ್ಕೊಂಡು ಸೀಳು ಬಿಡ್ತದ. ಒಣಗಿದ ಎರೆಭೂಮಿ ಅಂದ್ರ ಕಲ್ಲಿನಂಗ. ಯಾರ್ಕರ್ ತಡೆಯೋವಾಗ ಬ್ಯಾಟಿನ ತುದಿ ನೆಲಕ್ಕೆ ಬಡೀತದ. ಎಣ್ಣೆ ಹಚ್ಚಿ, ತಂಪಿನಲ್ಲಿಟ್ಟು, ಗಂಟೆಗಟ್ಟಲೆ ನಾಕಿಂಗ್ ಮಾಡೋ ತಾಳ್ಮೆ ಇಲ್ಲದವನ ಕೈಯಲ್ಲಿ ದುಬಾರಿ ಬ್ಯಾಟು ಒಂದು ಸೀಸನ್ ಬಾಳಿದರೆ ಪುಣ್ಯ.

“ಒಳ್ಳೆ ಬ್ಯಾಟು ಹಿಡಿದ್ರ ಧೈರ್ಯ ಬರ್ತದಲೇ” ಅನ್ನೋರೂ ಇದ್ದಾರೆ. ಅದು ಸುಳ್ಳಲ್ಲ. ಯೂನಿವರ್ಸಿಟಿ ಸೆಲೆಕ್ಷನ್ನಿಗೆ ಹೋಗೋರು, ಲೆದರ್ ಬಾಲ್ ಲೀಗ್ ಆಡೋರು ಇಂಗ್ಲಿಷ್ ವಿಲೋ ತಗೊಳ್ಳಲಿ, ಬೇಡ ಅನ್ನಲ್ಲ. ಆದ್ರ ಅದಕ್ಕೆ 8ರಿಂದ 12 ಸಾವಿರದ ಬ್ಯಾಟು ಸಾಕು. ಉಳಿದ ರೊಕ್ಕದಾಗ ಮೊದಲು ಹೆಲ್ಮೆಟ್ ತಗೋರಿ. ಲೆದರ್ ಬಾಲಿಗೆ ದುಬಾರಿ ಬ್ಯಾಟು ಹಿಡಿದು ಬರಿತಲೆಯಲ್ಲಿ ನಿಲ್ಲೋನನ್ನ ಧೈರ್ಯವಂತ ಅಂತ ನಾನು ಕರೆಯಲ್ಲ.

ಕೊನೆಗೆ ಮನೆಯ ಲೆಕ್ಕ. 2025-26ರ ಬೆಂಬಲ ಬೆಲೆಯಲ್ಲಿ ಮಧ್ಯಮ ಎಳೆಯ ಹತ್ತಿ ಕ್ವಿಂಟಲಿಗೆ 7,710 ರೂಪಾಯಿ. 30,000ದ ಬ್ಯಾಟು ಅಂದ್ರ ಹತ್ತಿರ ಹತ್ತಿರ 4 ಕ್ವಿಂಟಲ್ ಹತ್ತಿ. ಅದರಾಗ ಬೀಜ, ಗೊಬ್ಬರ, ಬಿಡಿಸೋ ಕೂಲಿ ಎಲ್ಲ ಸೇರಿದೆ. ನಮ್ಮಲ್ಲಿ ಅರ್ಧ ಮಂದಿ ಹೊಲದ ಮನೆಯಿಂದ ಬಂದವರು. ಅಪ್ಪನ ಮುಂದೆ ಬಾಯಿ ತೆರೆಯೋ ಮುಂಚೆ ಈ ಲೆಕ್ಕ ಒಮ್ಮೆ ಹಾಕಿ ನೋಡ್ರಿ. ಇಎಂಐ ಮಾಡಿದ್ರೂ ಹತ್ತಿಯ ತೂಕ ಕಡಿಮೆ ಆಗೋದಿಲ್ಲ.

ನನ್ನ ಸಲಹೆ ಇಷ್ಟೇ. ಆನ್‌ಲೈನಿನಲ್ಲಿ ಫೋಟೊ ನೋಡಿ ತಗೋಬ್ಯಾಡ್ರಿ. ಅಂಗಡಿಗೆ ಹೋಗಿ, ಮೇಲಿನ ಕೈ ಒಂದರಲ್ಲೇ ಹಿಡಿದು ಎತ್ತಿ ತಿರುಗಿಸ್ರಿ. ಹಳೇ ಚೆಂಡು ಒಯ್ದು ಬಡಿದು ನೋಡ್ರಿ. ಹನ್ನೊಂದು ಮಂದಿ ತಲಾ 400 ಹಾಕಿದ್ರ 4,400 ಆಗ್ತದ. ಟೀಮಿಗೆ ಎರಡು ಒಳ್ಳೆ ಬ್ಯಾಟು ಬಂದು ಚೆಂಡಿಗೂ ರೊಕ್ಕ ಉಳೀತದ. ಸ್ಟಿಕ್ಕರ್ ಬೇಕೇ ಬೇಕು ಅಂದ್ರ ಅದು ಬಿಡಿಯಾಗೂ ಸಿಗ್ತದ. ಅಂಟಿಸ್ಕೋರಿ, ಯಾರೂ ಕೇಳಲ್ಲ.